ಮಕ್ಕಳ ಕೇಸು ಕೇಳಿ ಕೇಳಿ ನನ್ ಮಗಳನ್ನ ಹೊರಗೆ ಬಿಡೋಕೇ ಭಯ, ನಂಗೇನಾಗಿದೆ?

ಪ್ರಶ್ನೆ: ನಮಸ್ಕಾರ ಮೇಡಂ. ನಂಗೆ 36 ವರ್ಷ, ಎಂಎಸ್‌ಡಬ್ಲ್ಯೂ ಮಾಡಿದೀನಿ. ಚಿಕ್ಕಬಳ್ಳಾಪುರ ಜಿಲ್ಲೇಲಿ ಹೆಂಗಸ್ರು ಮಕ್ಕಳ ಕೇಸು ಬರೋ ಒಂದು ಕೇಂದ್ರದಲ್ಲಿ ಕಾಂಟ್ರ್ಯಾಕ್ಟ್ ಮೇಲೆ ಆಪ್ತ ಸಮಾಲೋಚಕಿ. ಪೋಕ್ಸೊ (ಮಕ್ಕಳ ಮೇಲಿನ ಲೈಂಗಿಕ ದೌರ್ಜನ್ಯದ ಕೇಸು), ಬಾಲ್ಯವಿವಾಹ, ಗಂಡನ ಹೊಡೆತ ಎಲ್ಲಾ ಬರುತ್ತೆ. ಬಾಗೇಪಲ್ಲಿ, ಚಿಂತಾಮಣಿ ಕಡೆ ಮಕ್ಕಳು ತೆಲುಗಲ್ಲೇ ಮಾತಾಡೋದು, ನಂಗೆ ತೆಲುಗು ಬರುತ್ತೆ ಅಂತ ಆ ಕೇಸೆಲ್ಲಾ ನನ್ ಟೇಬಲ್ಲಿಗೇ ಬರುತ್ತೆ, ಪೊಲೀಸ್ನೋರಿಗೆ ನಾನೇ ಕನ್ನಡದಲ್ಲಿ ಹೇಳ್ಬೇಕು. ಆಷಾಢದಲ್ಲಿ ಬಂದ ಒಂದು ಮಗು ಕೇಸಾದ್ಮೇಲೆ ನಾನು ಸರಿ ಇಲ್ಲ. ನನ್ ಮಗಳಿಗೂ ಅಷ್ಟೇ ವಯಸ್ಸು. ಟ್ಯೂಷನ್ ಬಿಡಿಸ್ದೆ, ಪಕ್ಕದ ಮನೆಗೂ ಕಳ್ಸಲ್ಲ. ನಮ್ಮೆಜಮಾನ್ರು ಮಗಳನ್ನ ತೊಡೆ ಮೇಲೆ ಕೂರಿಸ್ಕೊಂಡ್ರೂ ಎದೆ ಧಸಕ್ ಅನ್ಸುತ್ತೆ. ಅವ್ರು ದೇವರಂಥ ಮನುಷ್ಯ, ಹಂಗೆ ಅನ್ಸಿದ್ದಕ್ಕೆ ನನ್ ಮೇಲೆ ನಂಗೇ ಅಸಹ್ಯ. ರಾತ್ರಿ ಮೂರು ಗಂಟೆಗೆ ಎಚ್ಚರ ಆದ್ರೆ ಮತ್ತೆ ನಿದ್ದೆ ಇಲ್ಲ. ಮೆಡಿಕಲ್ ಸ್ಟೋರಲ್ಲಿ ಒಂದು ಮಾತ್ರೆ ಕೊಡ್ತಾರಂತೆ, ತಗೋಬಹುದಾ? ಕೇಸಿನ ವಿಷ್ಯ ಯಾರಿಗೂ ಹೇಳೋ ಹಂಗಿಲ್ಲ. ಆಫೀಸಲ್ಲಿ ಹೇಳಿದ್ರೆ ಪ್ರಾಣಾಯಾಮ ಮಾಡಿ, ಮನಸ್ಸಿಗೆ ಹಚ್ಕೋಬೇಡಿ ಅಂತಾರೆ. ಆಗಿರೋದು ಆ ಮಗುಗೆ, ನಂಗೇನೂ ಆಗಿಲ್ವಲ್ಲ, ನಾನ್ಯಾಕೆ ಹಿಂಗಾದೆ? ಕೆಲಸ ಬಿಟ್ಬಿಡ್ಲಾ?
— ಹೆಸರು ಬೇಡ, ಶಿಡ್ಲಘಟ್ಟ

ಉತ್ತರ: "ನಂಗೇನೂ ಆಗಿಲ್ವಲ್ಲ" ಅಂತ ಬರ್ದಿದೀರಲ್ಲ, ಮೊದ್ಲು ಅದನ್ನೇ ತಗೋತೀನಿ, ಯಾಕಂದ್ರೆ ನಿಮ್ ತರದ ಕೆಲಸ ಮಾಡೋ ಹೆಂಗಸ್ರ ಜೊತೆ ಕೂತಾಗೆಲ್ಲ ನಾನು ಕೇಳೋ ಮೊದ್ಲನೇ ಮಾತು ಇದೇ, ಮತ್ತು ಇದು ತಪ್ಪು. ನಿಮ್ಗೆ ಆಗಿದೆ. ಅಮೆರಿಕದ ಮನೋವೈದ್ಯರ ಸಂಘದೋರು 2013ರಲ್ಲಿ ತಂದ ಡಿಎಸ್‌ಎಂ-5 ಅಂತ ಒಂದು ಕೈಪಿಡಿ ಇದೆ, ಯಾವ ತೊಂದ್ರೆಗೆ ಯಾವ ಲಕ್ಷಣ ಅಂತ ಡಾಕ್ಟ್ರುಗಳು ನೋಡ್ಕೊಳ್ಳೋದು. ಅದ್ರಲ್ಲಿ ಪಿಟಿಎಸ್‌ಡಿ, ಅಂದ್ರೆ ಆಘಾತದ ನಂತರ ಉಳ್ಕೊಳ್ಳೋ ಒತ್ತಡದ ಕಾಯಿಲೆ, ಯಾರ್ಯಾರಿಗೆ ಬರಬಹುದು ಅನ್ನೋ ಪಟ್ಟೀಲಿ ಕೆಲಸದ ಕಾರಣಕ್ಕೆ ಇಂಥ ಘಟನೆಗಳ ವಿವರ ಪದೇ ಪದೇ ಕೇಳೋರನ್ನೂ ಸೇರಿಸಿದ್ದಾರೆ, ಅದಕ್ಕೆ ಕೊಟ್ಟಿರೋ ಉದಾಹರಣೇನೇ ಮಕ್ಕಳ ಮೇಲಿನ ದೌರ್ಜನ್ಯದ ವಿವರ ಮತ್ತೆ ಮತ್ತೆ ಕೇಳ್ಬೇಕಾಗೋ ಪೊಲೀಸರದ್ದು. ನೀವು ಮಾಡ್ತಿರೋದು ಅದೇ ಕೆಲಸ, ಯೂನಿಫಾರ್ಮ್ ಇಲ್ಲ ಅಷ್ಟೆ. ನಿಮ್ಗೆ ಪಿಟಿಎಸ್‌ಡಿ ಇದೆ ಅಂತ ಒಂದು ಪತ್ರ ನೋಡಿ ನಾನು ಹೇಳ್ತಿಲ್ಲ, ಅದನ್ನ ಎದುರಿಗೆ ಕೂತು ನೋಡ್ಬೇಕು. ಆದ್ರೆ ಕೇಳಿದ್ದರಿಂದಲೂ ಗಾಯ ಆಗುತ್ತೆ ಅನ್ನೋದು ವೈದ್ಯಶಾಸ್ತ್ರ ಒಪ್ಕೊಂಡಿರೋ ವಿಷ್ಯ, ನಿಮ್ ಮನಸ್ಸು ವೀಕು ಅನ್ನೋದಕ್ಕೂ ಇದಕ್ಕೂ ಸಂಬಂಧ ಇಲ್ಲ.

ಇದು ಬರೀ ಸುಸ್ತೂ ಅಲ್ಲ. ಬರ್ನೌಟ್ ಅಂತೀವಲ್ಲ, ಅದು ಯಾವ ಕೆಲಸದಲ್ಲೂ ಆಗಬಹುದು, ಬ್ಯಾಂಕಲ್ಲೂ ಆಗುತ್ತೆ, ಕೆಲಸ ಜಾಸ್ತಿ ಕೈಗೆ ಅಧಿಕಾರ ಕಮ್ಮಿ ಇದ್ರೆ ಆಗುತ್ತೆ, ನಾಲ್ಕು ದಿನ ರಜಾ ಹಾಕಿ ಕೆಲಸದ ಹೊರೆ ಇಳಿಸಿದ್ರೆ ಸುಧಾರಿಸ್ಕೋಬಹುದು. ನಿಮ್ಗೆ ಆಗಿರೋದನ್ನ 1990ರಲ್ಲಿ ಲಿಸಾ ಮೆಕ್ಯಾನ್, ಲಾರಿ ಆನ್ ಪರ್ಲ್‌ಮನ್ ಅಂತ ಇಬ್ರು ಮನಶ್ಶಾಸ್ತ್ರಜ್ಞರು ಬಿಡಿಸಿ ಬರ್ದ್ರು. ಬೇರೆಯವರ ಆಘಾತನ ಕೇಳ್ತಾ ಕೇಳ್ತಾ ಕೇಳೋರಿಗೆ ಲೋಕದ ಬಗ್ಗೆ ಇದ್ದ ನಂಬಿಕೆಗಳೇ ಬದಲಾಗುತ್ವೆ, ಐದು ಕಡೆ ಪೆಟ್ಟು ಬೀಳುತ್ತೆ ಅಂತಾರೆ ಅವ್ರು: ನಾನೂ ನನ್ನೋರೂ ಸುರಕ್ಷಿತ ಅನ್ನೋ ಭಾವನೆ, ಜನರ ಮೇಲಿನ ವಿಶ್ವಾಸ, ತನ್ನ ಮೇಲೂ ಬೇರೆಯವರ ಮೇಲೂ ಇರೋ ಗೌರವ, ಹತ್ತಿರದೋರ ಜೊತೆ ಆಪ್ತವಾಗಿ ಇರೋದು, ಬದುಕು ನನ್ ಹಿಡಿತದಲ್ಲಿದೆ ಅನ್ನೋದು. ನಿಮ್ ಪತ್ರ ಇನ್ನೊಂದ್ಸಲ ಓದಿ ನೋಡಿ, ಐದೂ ಅದ್ರಲ್ಲಿದೆ. ಟ್ಯೂಷನ್ ಬಿಡಿಸಿದ್ದು, ಪಕ್ಕದ ಮನೆ, ನಿಮ್ ಮೇಲೆ ನಿಮ್ಗೇ ಅಸಹ್ಯ, ಯಜಮಾನ್ರು, ಮೂರು ಗಂಟೆ ಎಚ್ಚರ.

ಯಜಮಾನ್ರ ವಿಷ್ಯ ಬರಿಯೋಕೆ ನಿಮ್ಗೆ ಎಷ್ಟು ಕಷ್ಟ ಆಗಿರುತ್ತೆ ಅಂತ ಗೊತ್ತು. ಈ ಕ್ಷೇತ್ರದಲ್ಲಿರೋ ಹೆಂಗಸ್ರು ತುಂಬಾ ಜನಕ್ಕೆ ಇದೇ ಯೋಚನೆ ಬರುತ್ತೆ, ಬಹಳ ಜನ ಬಾಯಿ ಬಿಡಲ್ಲ. ಒಂದು ಮಾತು ಸ್ಪಷ್ಟವಾಗಿ ಹೇಳ್ಬೇಕು, ಅವ್ರ ನಡವಳಿಕೇಲಿ ನೀವೇ ಕಣ್ಣಾರೆ ಏನಾದ್ರೂ ನೋಡಿದ್ರೆ, ಅಥವಾ ಮಗಳು ಅವ್ರ ಹತ್ರ ಹೋಗೋಕೆ ಹಿಂಜರೀತಿದ್ರೆ ನಾನು ಬೇರೆ ತರಾನೇ ಬರೀತಿದ್ದೆ. ನೀವು ಬರ್ದಿರೋ ಪ್ರಕಾರ ಹಂಗೇನಿಲ್ಲ, ಆ ಯೋಚನೆ ಹುಟ್ಟಿದ್ದು ಆಷಾಢದ ಆ ಕೇಸಾದ್ಮೇಲೆ, ಅದಕ್ಕೆ ಮುಂಚೆ ಇರ್ಲಿಲ್ಲ. ಅಂದ್ರೆ ಆ ಫೈಲಿನ ಚಿತ್ರ ನಿಮ್ ಮನೆ ಹಾಲಲ್ಲಿ ಬಂದು ಕೂತಿದೆ. ಯೋಚನೆ ಬಂದ ತಕ್ಷಣ ಅದನ್ನ ಓಡಿಸೋಕೆ ಹೋಗ್ಬೇಡಿ, ಓಡಿಸಿದಷ್ಟೂ ಬರುತ್ತೆ. "ಇದು ಆಫೀಸಿಂದ ಬಂದಿದ್ದು" ಅಂತ ಮನಸ್ಸಲ್ಲೇ ಹೇಳ್ಕೊಂಡು ಮಾಡ್ತಿದ್ದ ಕೆಲಸ ಮುಂದುವರ್ಸಿ. ಯಜಮಾನ್ರಿಗೆ ಕೇಸಿನ ಒಂದಕ್ಷರನೂ ಹೇಳ್ದೆ ನಿಮ್ ಸ್ಥಿತಿ ಹೇಳಬಹುದು, "ಕೆಲಸದಲ್ಲಿ ಕೇಳಿದ್ದು ತಲೇಲಿ ಉಳ್ಕೊಂಡಿದೆ, ಸ್ವಲ್ಪ ದಿನ ನಾನು ಗಾಬರಿ ಬೀಳ್ತೀನಿ, ಹತ್ರ ಬರೋಕಾಗಲ್ಲ, ಅದಕ್ಕೆ ನೀವು ಕಾರಣ ಅಲ್ಲ" ಅಂತ ಇಷ್ಟೇ ಸಾಕು. ತೊಡೆ ಮೇಲಿನ ವಿಷ್ಯ ಅವ್ರಿಗೆ ಹೇಳಲೇಬೇಕು ಅಂತಿಲ್ಲ, ಅದನ್ನ ಚಿಕಿತ್ಸೆ ಕೊಡೋರ ಹತ್ರ ಇಡಿ.

ಇನ್ನು ತೆಲುಗಿನ ವಿಷ್ಯ. ನೀವು ಅದನ್ನ ಒಂದೇ ಸಾಲಲ್ಲಿ ಹೇಳಿ ಮುಂದೆ ಹೋಗಿದೀರ, ನಂಗೇನೋ ಅರ್ಧ ಭಾರ ಅಲ್ಲೇ ಇದೆ ಅನ್ಸುತ್ತೆ. ಮಗು ತೆಲುಗಲ್ಲಿ ಹೇಳುತ್ತೆ, ನೀವು ಅದನ್ನ ಕನ್ನಡದಲ್ಲಿ ಸಬ್ ಇನ್ಸ್‌ಪೆಕ್ಟರ್‌ಗೆ ಹೇಳ್ಬೇಕು, ಹೇಳುವಾಗ ಮಗು ಹೇಳಿದಂಗೇ "ನನ್ನನ್ನ ಹಿಂಗೆ ಮಾಡಿದ್ರು, ನಾನು ಕೂಗಿದೆ" ಅಂತ ನಿಮ್ ಬಾಯಲ್ಲಿ ಬರುತ್ತೆ, ಬೇರೆ ದಾರಿ ಇಲ್ಲ ಯಾಕಂದ್ರೆ ಹೇಳಿಕೇಲಿ ಮಗುವಿನ ಮಾತು ಇದ್ದಂಗೇ ಇರ್ಬೇಕು. ಕೇಳೋದು ಒಂದು ಸಲ, ನಾನು ನಾನು ಅಂತ ನಿಮ್ ಗಂಟಲಲ್ಲೇ ಅದನ್ನ ಮತ್ತೆ ಆಡೋದು ಇನ್ನೊಂದು ಸಲ. ನಿರಾಶ್ರಿತರ ಜೊತೆ, ಕೋರ್ಟುಗಳಲ್ಲಿ ಭಾಷಾಂತರ ಮಾಡೋರು ಎಷ್ಟೋ ದೇಶಗಳಲ್ಲಿ ಇದೇ ಹೇಳಿದ್ದಾರೆ, ಸಂಜೆ ಮನೆಗೆ ಹೋದ್ರೂ ಬೇರೆಯವರ "ನಾನು" ಬಿಟ್ಟು ಹೋಗಲ್ಲ ಅಂತ. ಅದ್ರ ಮೇಲೆ ಅದೇ ಕಥೆ ಪೊಲೀಸ್ ಹತ್ರ, ಆಸ್ಪತ್ರೇಲಿ, ಮಕ್ಕಳ ಕಲ್ಯಾಣ ಸಮಿತಿ ಮುಂದೆ, ಮ್ಯಾಜಿಸ್ಟ್ರೇಟ್ ಮುಂದೆ. ಮಗುನ ಸಾಕ್ಷಿ ಹೇಳೋಕೆ ಪದೇ ಪದೇ ಕರೀಬಾರ್ದು ಅಂತ ಪೋಕ್ಸೊ ಕಾಯ್ದೆಯ 33ನೇ ಸೆಕ್ಷನ್ನಲ್ಲೇ ಇದೆ, ಬಹಳ ಒಳ್ಳೇದು, ಆದ್ರೆ ಪ್ರತಿ ಕೋಣೇಲೂ ಪಕ್ಕದಲ್ಲಿ ನಿಂತು ಅದನ್ನೇ ಕೇಳೋ ಹೆಂಗಸಿನ ಬಗ್ಗೆ ಯಾರೂ ಯೋಚಿಸಿಲ್ಲ, ಇದು ನಂಗೆ ನಿಜವಾಗ್ಲೂ ಸಂಕಟದ ವಿಷ್ಯ.

ನೀವು ಕೇಳಬಹುದಾದ ಒಂದು ವಿಷ್ಯ ಇದೆ. ಪೋಕ್ಸೊ ಕಾಯ್ದೆಲಿ ಭಾಷಾಂತರಕಾರರ ನೆರವು ತಗೋಬಹುದು, ಅವ್ರಿಗೆ ಶುಲ್ಕ ಕೊಡ್ಬೇಕು ಅಂತಿದೆ. 2020ರ ಪೋಕ್ಸೊ ನಿಯಮಗಳ ಪ್ರಕಾರ ಪ್ರತಿ ಜಿಲ್ಲೆಲೂ ಜಿಲ್ಲಾ ಮಕ್ಕಳ ರಕ್ಷಣಾ ಘಟಕದೋರು ಭಾಷಾಂತರಕಾರರು, ವಿಶೇಷ ಶಿಕ್ಷಕರು, ಮಗುವಿನ ಬೆಂಬಲಕ್ಕೆ ನಿಲ್ಲೋರು ಇವ್ರದ್ದೆಲ್ಲ ಹೆಸರಿನ ರಿಜಿಸ್ಟರ್ ಇಟ್ಟಿರ್ಬೇಕು. ನಮ್ ಕಡೆ ಎರಡೂ ಭಾಷೆ ಬರೋರು ಬೇಕಾದಷ್ಟು ಜನ ಇದ್ದಾರೆ, ಬಾಗೇಪಲ್ಲಿ, ಗುಡಿಬಂಡೇಲಿ ಯಾವ ಮೇಷ್ಟ್ರನ್ನ ಕೇಳಿದ್ರೂ ಎರಡೂ ಮಾತಾಡ್ತಾರೆ. ಸಮಾಲೋಚಕಿ ಬೇರೆ, ಭಾಷಾಂತರಕಾರರು ಬೇರೆ ಇರ್ಬೇಕು, ಎರಡೂ ಒಬ್ಬರೇ ಮಾಡಿದ್ರೆ ಮಗುಗೂ ನಷ್ಟ, ಹೇಳಿಕೆ ಬರೆಸೋ ಹೊತ್ತಲ್ಲಿ ನಿಮ್ ಗಮನ ಪದಗಳ ಮೇಲಿರುತ್ತೆ, ಮಗು ಮುಖದ ಮೇಲಿರಲ್ಲ. ಇದನ್ನ ಬಾಯಲ್ಲಿ ಹೇಳ್ಬೇಡಿ, ಅರ್ಜಿ ಬರ್ದು ಕೊಡಿ, ಕಾರಣ ಮಗುವಿನ ಹಿತ ಅಂತಲೇ ಬರೀರಿ, ಅದು ಸತ್ಯನೂ ಹೌದು. ಅಲ್ಲೀವರೆಗೂ ನೀವೇ ಮಾಡ್ಬೇಕಾಗಿ ಬಂದ್ರೆ, ಮುಗಿದ ಮೇಲೆ ನಿಮ್ ಕೇಸ್ ನೋಟ್ಸು ಬರೀವಾಗ ಮಾತ್ರ "ನಾನು" ಬಿಟ್ಟು "ಮಗು ಹೇಳಿತು, ಮಗುವಿಗೆ ಹೀಗಾಯಿತು" ಅಂತ ಬರೀರಿ. ಸಣ್ಣದು ಅನ್ಸಬಹುದು, ಆದ್ರೆ ಆ ಕಥೆ ಯಾರದ್ದು ಅಂತ ನಿಮ್ ತಲೆಗೆ ವಾಪಸ್ ತಿಳಿಸೋದು ಇದೇ.

ಕಿವಿಗೆ, ಕಣ್ಣಿಗೆ ಬೀಳೋ ಪ್ರಮಾಣ ಕಮ್ಮಿ ಮಾಡ್ಕೊಳ್ಳಿ. ಎಷ್ಟು ಸಲ ಕೇಳ್ತೀರ ಅನ್ನೋದು ಬಹಳ ಲೆಕ್ಕಕ್ಕೆ ಬರುತ್ತೆ. ನಿಮ್ ಕೆಲಸಕ್ಕೆ ಬೇಕಿಲ್ದೇ ಇರೋ ಮೆಡಿಕಲ್ ರಿಪೋರ್ಟು, ಫೋಟೋ ನೋಡ್ಬೇಡಿ. ಎಫ್‌ಐಆರ್ ಇಡೀ ಓದ್ಬೇಕಾಗಿಲ್ಲ ಅಂದ್ರೆ ಓದ್ಬೇಡಿ. ಕೇಸಿನ ವಾಯ್ಸ್ ಮೆಸೇಜು, ಪಿಡಿಎಫ್ಫು ನಿಮ್ ಸ್ವಂತ ಫೋನಲ್ಲಿ ಇರ್ಲೇಬಾರ್ದು, ರಾತ್ರಿ ಹತ್ತು ಗಂಟೆಗೆ ಮಗಳ ಪಕ್ಕ ಮಲ್ಕೊಂಡು ವಾಟ್ಸಾಪ್ ಗ್ರೂಪಲ್ಲಿ ಅದನ್ನ ತೆಗೀತೀರ, ಆಮೇಲೆ ಮೂರು ಗಂಟೆಗೆ ಎಚ್ಚರ ಆಗ್ದೆ ಏನಾಗುತ್ತೆ. ಮಗುವಿನ ಗುರುತು ಗೊತ್ತಾಗೋ ಕಾಗದ ಹಂಗೆ ಗ್ರೂಪಲ್ಲಿ ಓಡಾಡೋದು ಕಾನೂನಿನ ಪ್ರಕಾರನೂ ತಪ್ಪೇ, ಆ ಮಾತು ಹಿಡ್ಕೊಂಡೇ ಗ್ರೂಪಲ್ಲಿ ಹಾಕ್ಬೇಡಿ ಅನ್ನಬಹುದು. ಟಿವಿಲಿ ಕ್ರೈಂ ಸುದ್ದಿ ಬಂದ್ರೆ ಚಾನಲ್ ಬದಲಾಯಿಸಿ, ನಿಮ್ಗೆ ಅದು ಸುದ್ದಿ ಅಲ್ಲ.

ಮಗಳು. ಇಲ್ಲಿ ಸಮಾಧಾನದ ಸುಳ್ಳು ಹೇಳೋಕೆ ನಂಗಿಷ್ಟ ಇಲ್ಲ. ನಿಮ್ ಭಯಕ್ಕೆ ಬುಡ ಇದೆ, ಮಕ್ಕಳಿಗೆ ಹಿಂಗೆಲ್ಲಾ ಆಗುತ್ತೆ, ಕೇಂದ್ರ ಸರ್ಕಾರ 2007ರಲ್ಲಿ ಮಾಡಿಸಿದ ಅಧ್ಯಯನದಲ್ಲೇ ಅರ್ಧಕ್ಕಿಂತ ಹೆಚ್ಚು ಮಕ್ಕಳು ಒಂದಲ್ಲ ಒಂದು ರೀತಿಯ ಲೈಂಗಿಕ ಕಿರುಕುಳ ಆಗಿದೆ ಅಂದಿದ್ರು, ಅದ್ರಲ್ಲಿ ಹೆಣ್ಣು ಗಂಡು ಎರಡೂ ಇದ್ರು, ಸಣ್ಣ ಪುಟ್ಟದ್ದರಿಂದ ಹಿಡಿದು ಘೋರವಾದದ್ದರವರೆಗೂ ಎಲ್ಲಾ ಸೇರಿ. ಆದ್ರೆ ನಿಮ್ ಟೇಬಲ್ಲಿಗೆ ಬರೋದು ಅತೀ ಕೆಟ್ಟದ್ದು ಮಾತ್ರ, ಸಂಜೆ ಟ್ಯೂಷನ್ನಿಂದ ಆಡ್ತಾ ಆಡ್ತಾ ಮನೆಗೆ ಬಂದ ಸಾವಿರಾರು ಮಕ್ಕಳಿಗೆ ಫೈಲ್ ಇಲ್ಲ. ಅದಕ್ಕಿಂತ ಮುಖ್ಯ, ಮಗುನ ಕೂಡಿ ಹಾಕೋದ್ರಿಂದ ರಕ್ಷಣೆ ಸಿಗಲ್ಲ. ಎನ್‌ಸಿಆರ್‌ಬಿ (ದೇಶದ ಅಪರಾಧಗಳ ಲೆಕ್ಕ ಇಡೋ ಸರ್ಕಾರಿ ಸಂಸ್ಥೆ) ವರದಿ ಯಾವ ವರ್ಷದ್ದು ತೆಗೆದ್ರೂ ಪೋಕ್ಸೊ ಅತ್ಯಾಚಾರ ಪ್ರಕರಣಗಳಲ್ಲಿ ನೂರಕ್ಕೆ 90ಕ್ಕೂ ಹೆಚ್ಚು ಕಡೆ ಆರೋಪಿ ಮಗುಗೆ ಗೊತ್ತಿರೋನೇ, ನಿಮ್ಗೆ ಇದು ನನ್ಗಿಂತ ಚೆನ್ನಾಗಿ ಗೊತ್ತು. ಹಂಗಿದ್ಮೇಲೆ ಮಗುನ ಕಾಪಾಡೋದು ಯಾವ್ದು? ಏನಾದ್ರೂ ಆದ ದಿನಾನೇ ಅಮ್ಮನ ಹತ್ರ ಬಂದು ಹೇಳೋ ಧೈರ್ಯ. ಅಮ್ಮ ಈಗಾಗ್ಲೇ ದಿನಾ ನಡುಗ್ತಿದ್ದಾಳೆ, ಏನ್ ಹೇಳಿದ್ರೂ ಕಿರುಚ್ತಾಳೆ, ಆಟನೂ ನಿಲ್ಲಿಸ್ತಾಳೆ ಅಂತ ಮಗುಗೆ ಅನ್ಸಿದ್ರೆ ಅದು ಹೇಳಲ್ಲ, ಅಮ್ಮನಿಗೆ ಬೇಜಾರಾಗುತ್ತೆ ಅಂತ ಹೊಟ್ಟೇಲೇ ಇಟ್ಕೊಳ್ಳುತ್ತೆ. ನಿಮ್ ಹತ್ರ ಬರೋ ಮಕ್ಕಳನ್ನ "ಯಾಕಮ್ಮಾ ಮೊದ್ಲೇ ಹೇಳ್ಲಿಲ್ಲ" ಅಂತ ಕೇಳಿದಾಗ ಏನ್ ಉತ್ತರ ಬಂದಿದೆ ನೆನಪು ಮಾಡ್ಕೊಳ್ಳಿ.

ಅದಕ್ಕೆ ಮೆಲ್ಲಗೆ ವಾಪಸ್ ಬಿಡಿ. ಮೊದ್ಲು ಪಕ್ಕದ ಮನೆ, ನೀವು ಮನೇಲಿರೋವಾಗ ಅರ್ಧ ಗಂಟೆ. ಹೋಗಿ ಬಂದ್ಮೇಲೆ ಪೊಲೀಸ್ ತರ ಕೇಳ್ಬೇಡಿ, ಊಟ ಮಾಡ್ವಾಗ "ಇವತ್ತು ಏನ್ ಖುಷಿ ಆಯ್ತು, ಏನ್ ಇಷ್ಟ ಆಗ್ಲಿಲ್ಲ" ಎರಡೇ ಮಾತು, ಮತ್ತೆ ಬಂದ ಉತ್ತರಕ್ಕೆ ಮುಖ ಬಾಡಿಸ್ಬೇಡಿ. ನಾಲ್ಕೈದು ದಿನ ಎದೆ ಹೊಡ್ಕೊಳ್ಳುತ್ತೆ, ಆಮೇಲೆ ಇಳಿಯುತ್ತೆ. ಟ್ಯೂಷನ್ನು, ನಾಲ್ಕು ಮಕ್ಕಳ ಜೊತೆ ಬಾಗಿಲು ತೆಗೆದಿರೋ ಮನೇಲಿ ಆದ್ರೆ ಮತ್ತೆ ಸೇರಿಸಿ.

ಈಗ ನಾನು ಮುಖ್ಯವಾಗಿ ಹೇಳ್ಬೇಕಾದ್ದು. ಪ್ರಾಣಾಯಾಮ ಮಾಡಿ, ಹಚ್ಕೋಬೇಡಿ ಅಂದ್ರಂತೆ. ಪ್ರಾಣಾಯಾಮ ಒಳ್ಳೇದೇ, ಉಸಿರು ಹೊರಗೆ ಬಿಡೋದು ಒಳಗೆ ಎಳ್ಕೊಳ್ಳೋದಕ್ಕಿಂತ ನಿಧಾನ ಮಾಡಿದ್ರೆ ಎದೆ ಬಡಿತ ಇಳಿಯುತ್ತೆ, ಮೂರು ಗಂಟೆಗೆ ಎಚ್ಚರ ಆದಾಗ ಮಾಡಿ. ಆದ್ರೆ ನಿಮ್ ತೊಂದ್ರೆ ಕೆಲಸ ಜೋಡಿಸಿರೋ ರೀತಿಯಿಂದ ಬಂದಿದ್ದು, ಅದನ್ನ ನೀವೊಬ್ರೇ ಬೆಳಿಗ್ಗೆ ಐದು ಗಂಟೆಗೆ ಚಾಪೆ ಹಾಸ್ಕೊಂಡು ಸರಿ ಮಾಡ್ಬೇಕು ಅನ್ನೋದು ಅನ್ಯಾಯ. ಲೋಕದ ದುಃಖನೆಲ್ಲಾ ಕೇಳಿ, ಯಾರಿಗೂ ಹೇಳ್ದೆ, ನಗ್ತಾ ಇರಿ ಅಂತ ಯಾವ ಮನುಷ್ಯರಿಗೂ ಹೇಳೋ ಹಂಗಿಲ್ಲ. ಬಾವಿಯಿಂದ ದಿನಾ ನೀರು ಎತ್ತಿದ್ರೆ ಬುಗ್ಗೆಯಿಂದ ಅಷ್ಟು ಒಳಗೂ ಬರ್ಬೇಕು, ನಮ್ ಬಯಲುಸೀಮೆ ಜನಕ್ಕೆ ಇದು ಬಿಡಿಸಿ ಹೇಳ್ಬೇಕಾಗಿಲ್ಲ.

ನಿಮ್ಗೆ ಬೇಕಾಗಿರೋದು ಸೂಪರ್‌ವಿಷನ್. ಫೈಲ್ ಚೆಕ್ ಮಾಡೋ ಸೂಪರ್‌ವಿಷನ್ ಅಲ್ಲ, ಎಷ್ಟು ಕೇಸ್ ಆಯ್ತು, ರಿಪೋರ್ಟ್ ಅಪ್‌ಲೋಡ್ ಆಯ್ತಾ ಅನ್ನೋದಲ್ಲ. ಅನುಭವ ಇರೋ ಒಬ್ರು ಹದಿನೈದು ದಿನಕ್ಕೊಮ್ಮೆ ನಿಮ್ ಜೊತೆ ಒಂದು ಗಂಟೆ ಕೂತು, ಈ ಕೇಸಲ್ಲಿ ಮುಂದೇನು ಅಂತಲೂ ಮಾತಾಡಿ, ಇದು ನಿಮ್ಗೆ ಏನ್ ಮಾಡ್ತಿದೆ ಅಂತಲೂ ಕೇಳೋದು. ಲಂಡನ್ನಲ್ಲಿ ಮೈಕೆಲ್ ಬಾಲಿಂಟ್ ಅನ್ನೋ ಡಾಕ್ಟ್ರು 1950ರ ದಶಕದಲ್ಲಿ ಸಾಮಾನ್ಯ ವೈದ್ಯರನ್ನ ಗುಂಪಾಗಿ ಕೂರಿಸ್ಕೊಂಡು ಇದನ್ನ ಶುರು ಮಾಡಿದ್ರು, ಒಬ್ರು ತಮ್ಮನ್ನ ಕಾಡ್ತಿರೋ ಒಬ್ಬ ರೋಗಿ ಬಗ್ಗೆ ಹೇಳೋದು, ಉಳಿದೋರು ಕೇಳೋದು, ಉಪದೇಶ ಮಾಡೋ ಹಂಗಿಲ್ಲ. ಇವತ್ತಿಗೂ ಎಷ್ಟೋ ದೇಶಗಳಲ್ಲಿ ಡಾಕ್ಟ್ರುಗಳು ಹಿಂಗೆ ಕೂರ್ತಾರೆ. ನಮ್ ಜಿಲ್ಲೆಲಿ ಯಾಕಾಗಲ್ಲ? ನಿಮ್ ಕೇಂದ್ರ, ಮಕ್ಕಳ ರಕ್ಷಣಾ ಘಟಕ, 1098 ಮಕ್ಕಳ ಸಹಾಯವಾಣಿ, ಸಾಂತ್ವನ ಕೇಂದ್ರ, ಇಷ್ಟರಲ್ಲಿ ನಿಮ್ ತರ ಕೇಳೋ ಕೆಲಸ ಮಾಡೋರು ಐದಾರು ಜನ ಸಿಕ್ಕೇ ಸಿಗ್ತಾರೆ, ಎಲ್ರದ್ದೂ ಇದೇ ಪಾಡು. ತಿಂಗಳಿಗೊಂದು ಶನಿವಾರ ಸಂಜೆ ಬಾಗಿಲು ಹಾಕೋಬಹುದಾದ ಒಂದು ರೂಮು, ಮೇಲಧಿಕಾರಿಗಳು ಇರ್ಬಾರ್ದು, ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದಲ್ಲಿರೋ ಮನಶ್ಶಾಸ್ತ್ರಜ್ಞರನ್ನೋ ಮನೋವೈದ್ಯಕೀಯ ಸಮಾಜ ಕಾರ್ಯಕರ್ತರನ್ನೋ ಬಂದು ನಡೆಸ್ಕೊಡಿ ಅಂತ ಕೇಳಿ.

ಗೌಪ್ಯತೆ? ಅದಕ್ಕೆ ಅಡ್ಡಿ ಆಗಲ್ಲ, ಸ್ವಲ್ಪ ಎಚ್ಚರ ಬೇಕು ಅಷ್ಟೆ. ಹೆಸರು ಬಿಟ್ರೆ ಸಾಲ್ದು, ನಮ್ದು ಸಣ್ಣ ಜಿಲ್ಲೆ, ಗೌರಿಬಿದನೂರು ಕಡೆ, ಎಂಟನೇ ಕ್ಲಾಸು, ಅಪ್ಪ ಇಟ್ಟಿಗೆ ಗೂಡಲ್ಲಿ ಅಂದ್ರೆ ಸಾಕು ಯಾರೋ ಒಬ್ರಿಗೆ ಗೊತ್ತಾಗುತ್ತೆ. ಊರು, ಶಾಲೆ, ಜಾತಿ, ಅಪ್ಪನ ಕೆಲಸ ನಾಲ್ಕೂ ಬಿಡಿ. ಹೇಳ್ಬೇಕಾಗಿರೋದು ಮಗುಗೆ ಏನಾಯ್ತು ಅನ್ನೋದಲ್ಲ, "ಆ ಮಗು ನನ್ ಸೆರಗು ಹಿಡ್ಕೊಂಡಾಗ ನಂಗೇನಾಯ್ತು" ಅನ್ನೋದು. ಹಸಿ ಹಸಿ ವಿವರ ಹೇಳಿ ಪಕ್ಕದೋರಿಗೂ ಅದೇ ಗಾಯ ಮಾಡ್ಬೇಡಿ, ಹೇಳೋಕೆ ಮುಂಚೆ "ಒಂದು ಭಾರದ್ದು ಹೇಳ್ಬೇಕು, ಈಗ ಆಗುತ್ತಾ" ಅಂತ ಕೇಳಿ. ಇನ್ನೊಂದು, ಘಟನೆ ಆದ ದಿನಾನೇ ಎಲ್ಲರನ್ನೂ ಕೂರಿಸಿ ಬಲವಂತವಾಗಿ ಬಾಯಿ ಬಿಡಿಸೋ ಡಿಬ್ರೀಫಿಂಗ್ ಅಂತ ಕೆಲವು ಕಡೆ ಮಾಡ್ತಾರೆ, ವಿಶ್ವ ಆರೋಗ್ಯ ಸಂಸ್ಥೆ ಅದು ಬೇಡ ಅಂದಿದೆ. ಬೇಕಾದಾಗ ಬೇಕಾದಷ್ಟು ಮಾತಾಡೋ ಜಾಗ ಇರ್ಬೇಕು, ಬಲವಂತ ಇರ್ಬಾರ್ದು.

ಹಚ್ಕೋಬೇಡಿ ಅಂದ್ರೆ ಕಲ್ಲಾಗಿ ಅಂತ ಅಲ್ಲ, ಕಲ್ಲಾದ ಸಮಾಲೋಚಕಿ ಮಗುಗೆ ಬೇಡ. ಟಾನಿಯಾ ಸಿಂಗರ್, ಓಲ್ಗಾ ಕ್ಲಿಮೆಕಿ ಅನ್ನೋ ಮಿದುಳಿನ ಸಂಶೋಧಕರು ಇದನ್ನ ಚೆನ್ನಾಗಿ ಪರೀಕ್ಷೆ ಮಾಡಿದ್ದಾರೆ. ಕಷ್ಟದಲ್ಲಿರೋರ ವಿಡಿಯೋ ತೋರಿಸಿ ಅವ್ರ ನೋವನ್ನ ನೀವೂ ಅನುಭವಿಸಿ ಅಂತ ತರಬೇತಿ ಕೊಟ್ಟಾಗ ನೋಡೋರಿಗೆ ಸಂಕಟ ಹೆಚ್ಚಾಯ್ತು. ಅದೇ ಜನಕ್ಕೆ ಆಮೇಲೆ, ಇವ್ರಿಗೆ ಒಳ್ಳೇದಾಗ್ಲಿ, ನೋವು ಕಮ್ಮಿ ಆಗ್ಲಿ ಅಂತ ಮನಸಾರೆ ಬಯಸೋ ತರಬೇತಿ ಕೊಟ್ರೆ ಸಂಕಟ ಇಳಿದು ಮನಸ್ಸಿಗೆ ಬಲ ಬಂತು, ಮಿದುಳಲ್ಲಿ ಕೆಲಸ ಮಾಡೋ ಭಾಗಗಳೂ ಬೇರೆ. ಮಗು ಮಾತಾಡ್ವಾಗ ಆ ಕೋಣೇಲಿ ಆವತ್ತು ನೀವೇ ಇದ್ದಂಗೆ ಚಿತ್ರ ಕಟ್ಕೊಳ್ಳೋದನ್ನ ನಿಲ್ಲಿಸಿ, ಈ ಕೋಣೇಲಿ ಈಗ ಇರೋ ಮಗುನ ನೋಡಿ, ನೀರು ಕುಡೀತಾ, ಕಾಲು ಅಲ್ಲಾಡಿಸ್ತಿದ್ಯಾ, ಇದಕ್ಕೆ ಈಗ ಏನ್ ಬೇಕು ಅಂತ. ಅಭ್ಯಾಸದಿಂದ ಬರುತ್ತೆ.

ಮಾತ್ರೆ ವಿಷ್ಯ ಒಂದೇ ಮಾತು, ಬೇಡ. ಮೆಡಿಕಲ್ ಸ್ಟೋರಲ್ಲಿ ಚೀಟಿ ಇಲ್ದೆ ಕೊಡೋದು ಸಾಮಾನ್ಯವಾಗಿ ಅಲ್ಪ್ರಜೋಲಮ್ ತರದ್ದು, ಗಾಬರಿ ಇಳಿಸಿ ಮಂಪರು ಬರಿಸೋ ಮಾತ್ರೆ, ಮೂರ್ನಾಲ್ಕು ವಾರದಲ್ಲೇ ಅಭ್ಯಾಸ ಆಗುತ್ತೆ, ಬಿಡೋವಾಗ ನಿದ್ದೆ ಇನ್ನೂ ಕೆಡುತ್ತೆ.

ಆದ್ರೆ ಡಾಕ್ಟ್ರ ಹತ್ರ ಹೋಗಿ, ನೀವು ಬರ್ದಿರೋದು ನೋಡಿದ್ರೆ ಹೋಗೋ ಟೈಮ್ ಬಂದಿದೆ. ಲಕ್ಷಣ ಒಂದು ತಿಂಗಳು ದಾಟಿದೆ, ನಿದ್ದೆ ಹೋಗಿದೆ, ಮನೆ ಬದುಕು ಕೆಟ್ಟಿದೆ. ಆಘಾತಕ್ಕೆ ಅಂತಲೇ ಇರೋ ಸಿಬಿಟಿ (ಯೋಚನೆ, ನಡವಳಿಕೆ ತಿದ್ದೋ ಮಾತಿನ ಚಿಕಿತ್ಸೆ), ಇಎಂಡಿಆರ್ (ಕಣ್ಣು ಆಚೀಚೆ ಆಡಿಸ್ತಾ ಆ ನೆನಪನ್ನ ನೋಡೋ ಚಿಕಿತ್ಸೆ) ಇವುಗಳನ್ನ ವಿಶ್ವ ಆರೋಗ್ಯ ಸಂಸ್ಥೆನೇ ಶಿಫಾರಸು ಮಾಡಿದೆ, ಬಹಳ ಜನಕ್ಕೆ ಕೆಲವು ತಿಂಗಳಲ್ಲೇ ಗುಣ ಕಾಣುತ್ತೆ. ಜಿಲ್ಲಾಸ್ಪತ್ರೆಗೆ ನೀವೇ ಮಕ್ಕಳನ್ನ ಕರ್ಕೊಂಡು ಹೋಗ್ತೀರ, ಅಲ್ಲಿ ಎಲ್ರೂ ಗೊತ್ತು, ಮುಜುಗರ ಆಗುತ್ತೆ ಅಂತಾದ್ರೆ ಮೊದ್ಲು ಟೆಲಿ ಮಾನಸ್ ಅನ್ನೋ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ 14416ಕ್ಕೆ ಫೋನ್ ಮಾಡಿ, 2022ರಿಂದ ನಡೀತಿದೆ, ದುಡ್ಡಿಲ್ಲ, ಹಗಲು ರಾತ್ರಿ ಇರುತ್ತೆ, ಕನ್ನಡದಲ್ಲೇ ಮಾತಾಡ್ತಾರೆ, ಮೂರು ಗಂಟೆಗೂ ಮಾಡಬಹುದು. ಇಲ್ಲಾಂದ್ರೆ ಬೆಂಗಳೂರಿನ ನಿಮ್ಹಾನ್ಸ್. ರಾಜ್ಯ ಸರ್ಕಾರದ ಮನೋಚೈತನ್ಯ ಕಾರ್ಯಕ್ರಮದಲ್ಲಿ ತಾಲ್ಲೂಕು ಆಸ್ಪತ್ರೆಗಳಿಗೂ ಮಂಗಳವಾರ ಮನೋವೈದ್ಯರು ಬರೋ ವ್ಯವಸ್ಥೆ ಇದೆ, ನಿಮ್ದಲ್ಲದ ತಾಲ್ಲೂಕಿಗೆ ಹೋಗಬಹುದು. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 23ನೇ ಸೆಕ್ಷನ್ ಪ್ರಕಾರ ನಿಮ್ ಚಿಕಿತ್ಸೆ ವಿವರ ಗುಟ್ಟಾಗಿರ್ಬೇಕು, ನಿಮ್ ಆಫೀಸಿಗೆ ಕರೆ ಮಾಡಿ ಹೇಳೋ ಅಧಿಕಾರ ಡಾಕ್ಟ್ರಿಗಿಲ್ಲ. ಬದುಕಿದ್ದು ಸಾಕು ಅನ್ನೋ ಯೋಚನೆ ಒಂದ್ಸಲ ಬಂದ್ರೂ ಅಪಾಯಿಂಟ್‌ಮೆಂಟಿಗೆ ಕಾಯ್ಬೇಡಿ, ಆಗ್ಲೇ 14416, ಅಥವಾ ಯಜಮಾನ್ರನ್ನ ಕರ್ಕೊಂಡು ಹತ್ರದ ಆಸ್ಪತ್ರೆ ಎಮರ್ಜೆನ್ಸಿಗೆ ಹೋಗಿ.

ಕೆಲಸ ಬಿಡೋ ವಿಷ್ಯ. ನಿದ್ದೆ ಇಲ್ದಿರೋ ತಲೇಲಿ ಈ ತೀರ್ಮಾನ ಬೇಡ. ಮೊದ್ಲು ರಜಾ ಹಾಕಿ, ಚಿಕಿತ್ಸೆ ಶುರು ಮಾಡಿ, ಹೊಸ ಪೋಕ್ಸೊ ಕೇಸು ಸ್ವಲ್ಪ ದಿನ ಬೇರೆಯವ್ರಿಗೆ ಕೊಡಿ, ಗಂಡ ಹೆಂಡತಿ ಆಪ್ತ ಸಮಾಲೋಚನೆ, ಜೀವನಾಂಶ ಇಂಥವನ್ನ ನಂಗೆ ಕೊಡಿ ಅಂತ ಅದೇ ಅರ್ಜಿಲಿ ಕೇಳಿ. ಮತ್ತೆ ನಿಮ್ ಕೆಲಸದಲ್ಲಿ ಒಂದು ಕೊರತೆ ಇದೆ, ನೀವು ನೋಡೋದು ಬರೀ ಮೊದ್ಲ ದಿನ, ಅಳ್ತಾ ಬಂದ ಮಗು. ಆಮೇಲೆ ಫೈಲು ಮುಂದೆ ಹೋಗುತ್ತೆ, ಆ ಹುಡುಗಿ ಹಾಸ್ಟೆಲ್ ಸೇರಿ ಎಸ್ಸೆಸ್ಸೆಲ್ಸಿ ಪಾಸಾಗಿದ್ದು, ಮತ್ತೆ ನಗೋಕೆ ಕಲ್ತಿದ್ದು ನಿಮ್ಗೆ ಯಾರೂ ಹೇಳಲ್ಲ. ರಾಜಕೀಯ ಹಿಂಸೆಗೆ ಸಿಕ್ಕಿದೋರ ಜೊತೆ ಕೆಲಸ ಮಾಡ್ತಿದ್ದ ಕೊಲಂಬಿಯಾ ದೇಶದ ಚಿಕಿತ್ಸಕರನ್ನ ಮಾತಾಡಿಸಿ 2007ರಲ್ಲಿ ಒಂದು ಅಧ್ಯಯನ ಬಂತು, ಜನ ಚೇತರಿಸ್ಕೊಳ್ಳೋದನ್ನ ಕಣ್ಣಲ್ಲಿ ನೋಡೋದ್ರಿಂದ ಕೇಳೋರಿಗೂ ಬಲ ಬರುತ್ತೆ ಅಂತ ಅದ್ರಲ್ಲಿದೆ. ರಕ್ಷಣಾ ಘಟಕದೋರನ್ನ ಕೇಳಿ ಹಳೇ ಕೇಸಿನ ಮಕ್ಕಳಲ್ಲಿ ಒಂದಿಬ್ರ ಫಾಲೋಅಪ್‌ಗೆ ನೀವೂ ಹೋಗಿ ಬನ್ನಿ, ಅದನ್ನೂ ಡ್ಯೂಟಿ ಅಂತಲೇ ಬರೆಸಿ.

ಇಷ್ಟೆಲ್ಲಾ ಆಗಿ ಮೂರ್ನಾಲ್ಕು ತಿಂಗಳ ನಂತರವೂ ಬೆಳಿಗ್ಗೆ ಆಫೀಸು ಅಂದ್ರೆ ಹೊಟ್ಟೆ ತೊಳಸ್ತಿದ್ರೆ ಬಿಡಿ, ಧೈರ್ಯವಾಗಿ ಬಿಡಿ, ಅದ್ರಲ್ಲಿ ಸೋಲೇನಿಲ್ಲ. ಬಿಡೋದಾದ್ರೆ ನಡೀತಿರೋ ಕೇಸಿನ ಮಕ್ಕಳಿಗೆ ಹೊಸಬರನ್ನ ನೀವೇ ಎದುರಿಗೆ ಕೂರಿಸಿ ಪರಿಚಯ ಮಾಡಿಸಿ, ತೆಲುಗು ಬರೋರನ್ನೇ ಹಾಕಿ ಅಂತ ಕೇಳಿ, ಅದಕ್ಕೆ ಒಂದು ತಿಂಗಳು ಬೇಕು ಅಂತ ರಾಜೀನಾಮೆ ಪತ್ರದಲ್ಲೇ ಬರೀರಿ.